ಪ್ರೊಫೆಸರ್ ಯಜ್ಞನಾರಾಯಣರು ಲೋಹಶೋಧಕ ಆರಿಸಿದ್ದು

ಮಲೇಶಿಯಾದ ಮೆಲಾಕಾದಲ್ಲಿನ ವೈದ್ಯಕೀಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಅಂಗರಚನಾಶಾಸ್ತ್ರ ಕಲಿಸಿ ನಿವೃತ್ತರಾದ ಉಡುಪಿಯ ಯಜ್ಞನಾರಾಯಣರಿಗೆ ಮನುಷ್ಯನ ಮೈಯೊಳಗಿನ ಇನ್ನೂರ ಆರು ಮೂಳೆಗಳು ಎಲ್ಲೆಲ್ಲಿವೆ ಎಂಬುದು ಕಣ್ಣುಮುಚ್ಚಿದರೂ ಗೊತ್ತಿತ್ತು. ತಮ್ಮ ಕನ್ನಡಕ ಎಲ್ಲಿದೆ ಎಂಬುದು ಮಾತ್ರ ಒಂದು ದಿನವೂ ಗೊತ್ತಿರಲಿಲ್ಲ. ಅದನ್ನು ಹುಡುಕಿಕೊಡುತ್ತಿದ್ದವರು ಅವರ ಹೆಂಡತಿ ವಾರಿಜಾ. ಕನ್ನಡಕವೊಂದೇ ಅಲ್ಲ, ಕಾರಿನ ಕೀಲಿ, ಪಾಸ್‌ಪೋರ್ಟು, ಎಡಗಾಲಿನ ಸಾಕ್ಸು, ಒಮ್ಮೆಯಂತೂ ಸುಬಾಂಗ್ ಜಯಾದ ಮಾಲ್ ಒಂದರ ಪಾರ್ಕಿಂಗಿನಲ್ಲಿ ಇಡೀ ಕಾರು. ನಲವತ್ತೊಂದು ವರ್ಷದ ದಾಂಪತ್ಯದಲ್ಲಿ ಈ ಏರ್ಪಾಡು ಯಾರೂ ಬರೆದಿಡದ ಸಂವಿಧಾನದಂತೆ ನಡೆದುಬಂದಿತ್ತು: ಕಳೆಯುವುದು ಅವರ ಹಕ್ಕು, ಹುಡುಕುವುದು ಇವರ ಕರ್ತವ್ಯ.

ಈ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಸೂಚಿತವಾದದ್ದು ಒಂದು ಭಾನುವಾರ, ಡಾಕ್ಟರ್ ಕೀರ್ತಿರಾಜ್ ಅವರ ಮನೆಯ ಊಟದ ಹೊತ್ತಿನಲ್ಲಿ. ಮಣಿಪಾಲದಲ್ಲಿ ಓದಿ ಇಲ್ಲಿಗೆ ಬಂದ ಕೀರ್ತಿರಾಜ್ ಮೂಳೆ ತಜ್ಞ; ಮುರಿದದ್ದನ್ನು ಕೂಡಿಸುವುದಕ್ಕಿಂತ ಮಾತು ಕೂಡಿಸುವುದರಲ್ಲಿ ಹೆಚ್ಚು ಹೆಸರಾದವರು. ಊರಿನ ಏಳೆಂಟು ಕನ್ನಡ ಕುಟುಂಬಗಳ ಊಟ ಸಾರಿನವರೆಗೆ ಬಂದಿದ್ದಾಗ ಅವರು ಸುದ್ದಿ ಒಡೆದರು.

"ಆ ಕಡೆ ಬೆಟ್ಟದ ಬುಡದ ಹೊಳೆಯಲ್ಲಿ ಚಿನ್ನದ ಕಣ ಸಿಗ್ತದಂತೆ ಮಾರಾಯ್ರೆ. ಪರ್ಮಿಟ್ ಮಾಡಿಸಿ ಒಂದು ಪಿಕ್‌ನಿಕ್ ಹೋಗುವ. ಒಂದು ಮೆಟಲ್ ಡಿಟೆಕ್ಟರ್ ಸಾಕು. ಆನ್‌ಲೈನಿನಲ್ಲಿ ಯಾವುದಾದ್ರೂ ಒಂದು ತರಿಸಿದ್ರಾಯ್ತು."

"ಯಾವುದಾದರೂ ಒಂದು ಅಂದ್ರೆ ಎಂತದು ಕೀರ್ತಿರಾಜ್?" ಯಜ್ಞನಾರಾಯಣರು ಕೈ ತಡೆದು ಕೇಳಿದರು. "ಬದನೆಕಾಯಿಯನ್ನೂ ಅದುಮಿ ನೋಡಿ ತಕೊಳ್ತಾರೆ. ಚಿನ್ನ ಹುಡುಕುವ ಯಂತ್ರವನ್ನು ಆರಿಸುವುದು ಒಂದು ಶಾಸ್ತ್ರ. ನಾನು ಅದನ್ನು ಅಭ್ಯಾಸ ಮಾಡ್ತಾ ಇದ್ದೇನೆ."

ಆ ಕ್ಷಣದವರೆಗಿನ ಅಭ್ಯಾಸವೆಂದರೆ ಹಿಂದಿನ ದಿನ ನೋಡಿದ ಹನ್ನೊಂದು ನಿಮಿಷದ ಒಂದು ವಿಡಿಯೊ. ಆದರೆ ಮೇಷ್ಟರುಗಳ ಬಾಯಿಂದ ಬಿದ್ದ 'ಶಾಸ್ತ್ರ' ಎಂಬ ಮಾತಿಗೆ ಒಂದು ತೂಕವಿರುತ್ತದೆ. ಇಡೀ ಪಂಕ್ತಿ ಗೌರವದಿಂದ ಮೌನವಾಯಿತು. ಆ ಮೌನದೊಳಕ್ಕೆ ವಾರಿಜಾ, ಪಲ್ಯದ ಪಾತ್ರೆ ಹಿಡಿದುಕೊಂಡೇ, ಮೆಲ್ಲಗೆ ಒಂದು ಮಾತು ಬಡಿಸಿದರು.

"ಒಳ್ಳೆಯದೇ ಆಯ್ತು. ಇವರು ಒಂದು ವಸ್ತುವನ್ನು ತಾವಾಗಿ ಹುಡುಕಿದ್ದು ನೋಡ್ಬೇಕೂಂತ ನಂಗೆ ಮದುವೆಯಾದ ಲಾಗಾಯ್ತು ಆಸೆ."

ಎಲ್ಲರೂ ನಕ್ಕರು. ಯಜ್ಞನಾರಾಯಣರೂ ನಕ್ಕರು. ಆದರೆ ಎಲ್ಲರ ನಗೆ ಮುಗಿದು ಮಜ್ಜಿಗೆ ಬಂದ ಮೇಲೂ ಅವರ ನಗೆ ಮುಖದಲ್ಲಿ ಹಾಗೇ ಉಳಿದಿತ್ತು, ಇಳಿಸಲು ಮರೆತ ಬಾವುಟದ ಹಾಗೆ. ಕಾರಿನಲ್ಲಿ ಮನೆಗೆ ಹಿಂತಿರುಗುವಾಗ ಅವರು ಮನಸ್ಸಿನಲ್ಲೇ ಒಂದು ನಿಶ್ಚಯಕ್ಕೆ ಬಂದರು. ಚಿನ್ನ ಎಷ್ಟೇ ಇರಲಿ, ಸಾಸಿವೆಯಷ್ಟೇ ಇರಲಿ. ಆದರೆ ಅದನ್ನು ಈ ಭೂಮಿಯ ಮೇಲೆ ತಮಗಿಂತ ಮೊದಲು ಇನ್ನೊಬ್ಬರು ಕಂಡಿರಬಾರದು. ವಿಶೇಷವಾಗಿ ವಾರಿಜಾ ಕಂಡಿರಬಾರದು.

ಆರಿಸುವ ಕೆಲಸ ಏಳು ತಿಂಗಳು ನಡೆಯಿತು.

ಪೇಟೆಯಲ್ಲಿ ಹೊಸಬರಿಗೆಂದು ಮಾರುವ ಯಂತ್ರಗಳಲ್ಲಿ ಮೂರು ಜಾತಿಗಳಿದ್ದವು. ಯಜ್ಞನಾರಾಯಣರು ಅವನ್ನು ಮೌಖಿಕ ಪರೀಕ್ಷೆಗೆ ಬಂದ ಮೂವರು ವಿದ್ಯಾರ್ಥಿಗಳಂತೆ ಎದುರಿಗೆ ನಿಲ್ಲಿಸಿಕೊಂಡು ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿನ ಮೇಲೆ ಅಂಕ ಹಾಕುತ್ತ ಹೋದರು. ಮೊದಲನೆಯದು ಸರ್ವೋಪಯೋಗಿ: ನಾಣ್ಯ, ಬಳೆ, ಬೀಗದ ಕೈ ಎಲ್ಲವನ್ನೂ ಬಲ್ಲದು, ಆದರೆ ಅಕ್ಕಿಕಾಳಿನಷ್ಟು ಚಿನ್ನಕ್ಕೆ ಅದರ ಕಿವಿ ಮಂದ. ಎರಡನೆಯದು ಚಿನ್ನಕ್ಕೆಂದೇ ಮಾಡಿದ್ದು: ಕಣವಿದ್ದರೂ ಕೇಳಿಸಿಕೊಳ್ಳುತ್ತದೆ, ಆದರೆ ಸಿಗರೇಟಿನ ತಗಡು ಕಾಗದಕ್ಕೂ ಚಿನ್ನಕ್ಕೂ ಅದೇ ಸಂಭ್ರಮದಿಂದ ಕೂಗುತ್ತದೆ. ಮೂರನೆಯದು ಬಲಶಾಲಿ: ಕಬ್ಬಿಣದ ಅಂಶ ತುಂಬಿದ ನೆಲದಲ್ಲೂ ಆಳಕ್ಕೆ ಇಳಿಯುತ್ತದೆ, ಆದರೆ ಮೊಳೆ ಯಾವುದು, ಚಿನ್ನ ಯಾವುದು ಎಂಬ ವಿವೇಕವಿಲ್ಲ, ತೂಕವೂ ಜಾಸ್ತಿ. ಒಂದು ಕಿವುಡು, ಒಂದು ವಾಚಾಳಿ, ಒಂದು ಪೈಲ್ವಾನ. ತಮ್ಮ ಇಡೀ ವೃತ್ತಿಜೀವನದ ವಿದ್ಯಾರ್ಥಿಗಳೆಲ್ಲ ಈ ಮೂವರಲ್ಲಿ ಹಂಚಿಹೋಗಿದ್ದರೆಂದು ಅವರಿಗೆ ಅನ್ನಿಸಿತು.

ಈ ನಡುವೆ ಅವರ ಕೀರ್ತಿ ಯಂತ್ರಕ್ಕಿಂತ ಮುಂದೆ ಓಡುತ್ತಿತ್ತು. ಪುತ್ರಜಯಾದಲ್ಲಿರುವ ಮೈಸೂರಿನ ಒಬ್ಬ ಇಂಜಿನಿಯರು ಫೋನಿನಲ್ಲಿ, "ಸರ್, ನೀವು ಯಾವುದು ಅಂತೀರೋ ನಾವೂ ಅದೇ" ಎಂದು ಏಳು ತಿಂಗಳ ಕಾಲ ತಮ್ಮ ಖರೀದಿಯನ್ನು ತಡೆಹಿಡಿದರು. ಅವರ ಹೆಂಡತಿ ಚಾಮುಂಡಿ ಅದೇ ಫೋನು ಕಿತ್ತುಕೊಂಡು, "ಸರ್, ಸೋಫಾದೊಳಗೆ ಓಲೆಯ ತಿರುಪು ಬಿದ್ದಿದೆ, ಅದಕ್ಕೆ ಯಾವ ಮಾಡೆಲ್ಲು?" ಎಂದು ಕೇಳಿದರು. ಯಜ್ಞನಾರಾಯಣರು ಸೋಫಾದ ಸ್ಪ್ರಿಂಗುಗಳ ವಿಷಯ ಯೋಚಿಸಿ ಎರಡು ವಾರದ ಬಳಿಕ ಲಿಖಿತ ಉತ್ತರ ಕಳಿಸಿದರು. ಅಷ್ಟರಲ್ಲಿ ತಿರುಪು ವ್ಯಾಕ್ಯೂಮ್ ಕ್ಲೀನರಿನಲ್ಲಿ ಸಿಕ್ಕಿತ್ತು.

ಎಂಟನೆಯ ತಿಂಗಳ ಆರಂಭದಲ್ಲಿ ಅವರು ಸುಬಾಂಗ್ ಜಯಾದ ಅಂಗಡಿಸಾಲೊಂದರ ಮಹಡಿಯೇರಿ ಮಿಸ್ಟರ್ ಲೋ ಎಂಬ ಚೀನೀ ಮೂಲದ ವ್ಯಾಪಾರಿಯ ಮುಂದೆ ಹದಿನಾಲ್ಕು ಪುಟಗಳ ಪಟ್ಟಿ ಹರಡಿದರು. ನೆಲದ ಮೇಲೆ ಆಡಿಸುವ ಸುರುಳಿ, ಅಂದರೆ ಕಾಯಿಲ್, ದುಂಡಗಿರಬೇಕೋ ಮೊಟ್ಟೆಯಾಕಾರವೋ? ಚಿಕ್ಕದಾದರೆ ಸಣ್ಣ ಕಣ ಸಿಗುತ್ತದೆ, ದೊಡ್ಡದಾದರೆ ಆಳ ಸಿಗುತ್ತದೆ. ಎರಡೂ ಬೇಕೆನ್ನುವವನು ಏನು ಮಾಡಬೇಕು? ಮೆಲಾಕಾದ ಕೆಂಪು ನೆಲ ನಮ್ಮೂರಿನ ಮುರಕಲ್ಲಿನಂಥದೇ, ಕಬ್ಬಿಣವೇ ಕಬ್ಬಿಣ. ಯಂತ್ರ ಅದನ್ನು ಹೇಗೆ ಸಹಿಸುತ್ತದೆ?

ಮಿಸ್ಟರ್ ಲೋ ಮೂರು ಗಂಟೆ ಸಹಿಸಿದರು. ನಡುವೆ ಕೆಳಗಿನ ಮಾಮಕ್ ಅಂಗಡಿಯಿಂದ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಿಂದ, ಇಬ್ಬರಿಗೂ ಚಹಾ ತಪಾವ್ ಮಾಡಿಸಿ, ಕಟ್ಟಿಸಿ ತರಿಸಿದರು. ಕೊನೆಗೆ, ಆ ನಾಡಿನ ವಾಡಿಕೆಯ 'ಲಾ' ಸೇರಿಸಿ, "ಅಂಕಲ್, ಸುಲಭ ಲಾ" ಎಂದರು. "ಸುರುಳಿಯನ್ನು ನೆಲದ ಮೇಲೆ ಹೀಗೆ ಎತ್ತಿ ಇಳಿಸಿ. ಯಂತ್ರ ಮೊದಲು ಮಣ್ಣನ್ನು ಕೇಳಿಸಿಕೊಳ್ಳುತ್ತದೆ, ಆಮೇಲೆ ಮಣ್ಣನ್ನು ಮರೆಯುತ್ತದೆ. ಅದು ಮರೆತ ಮೇಲೆ ಏನು ಕೇಳುತ್ತದೋ ಅದೇ ನಿಮಗೆ ಬೇಕಾದದ್ದು."

ಈ ಮಾತು ಯಜ್ಞನಾರಾಯಣರನ್ನು ಹಿಡಿದು ನಿಲ್ಲಿಸಿತು. ಕೇಳಿಸಿಕೊಂಡು ಮರೆಯುವುದು! ತಾವು ಜೀವಮಾನವಿಡೀ ಕೇಳಿಸಿಕೊಳ್ಳದೆಯೇ ಮರೆಯುತ್ತ ಬಂದವರು. ಅವರು ಪಟ್ಟಿ ಮಡಚಿ ಎರಡನೆಯದನ್ನು, ಅಂದರೆ ವಾಚಾಳಿಯನ್ನು, ಆರಿಸಿದರು. ಮೊಟ್ಟೆಯಾಕಾರದ ಸಣ್ಣ ಸುರುಳಿಯೊಡನೆ.

ಮೊದಲ ಪ್ರಯೋಗಕ್ಕೆ ಬೆಟ್ಟದ ಹೊಳೆ ಬೇಡ, ಮನೆಸಾಲಿನ ಹಿಂದಿನ ಪಾಳು ಜಾಗವೇ ಸಾಕೆಂದು ತೀರ್ಮಾನವಾಯಿತು. ಶನಿವಾರ ಬೆಳಿಗ್ಗೆ ಯಜ್ಞನಾರಾಯಣರು ಶಸ್ತ್ರಚಿಕಿತ್ಸೆಗೆ ಹೊರಟವರಂತೆ ಸಿದ್ಧರಾದರು. ಮೈಮೇಲಿನ ಲೋಹ ಯಂತ್ರವನ್ನು ದಾರಿತಪ್ಪಿಸುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಗಡಿಯಾರ ಬಿಚ್ಚಿದರು. ಕೀಲಿಗೊಂಚಲು, ಫೋನು ಮೇಜಿನ ಮೇಲಿಟ್ಟರು. ಬೆಲ್ಟಿನ ಕೊಕ್ಕೆಯ ತಂಟೆಯೇ ಬೇಡವೆಂದು ಪ್ಯಾಂಟು ಬಿಟ್ಟು ಪಂಚೆ ಉಟ್ಟರು. ಬೆಳ್ಳಿಯ ಉಡುದಾರವನ್ನೂ ತೆಗೆದರು. ದವಡೆ ಹಲ್ಲಿಗೆ ತುಂಬಿಸಿದ್ದ ಲೋಹವನ್ನು ತೆಗೆಸುವ ಕುರಿತು ಹಿಂದಿನ ದಿನವೇ ದಂತವೈದ್ಯರನ್ನು ಕೇಳಿದ್ದರು. ಅವರು ನಕ್ಕಿದ್ದರಿಂದ ಅದೊಂದನ್ನು ಕೈಬಿಟ್ಟರು. ಪಂಚೆ, ರಬ್ಬರ್ ಬೂಟು, ಕಿವಿಗೆ ಹೆಡ್‌ಫೋನು, ಕೈಯಲ್ಲಿ ಯಂತ್ರ. ಪಕ್ಕದ ಮನೆಯ ತಮಿಳು ಹೆಂಗಸು ಸರೋಜ ಬಟ್ಟೆ ಒಣಹಾಕುತ್ತಿದ್ದವರು ಈ ದೃಶ್ಯ ನೋಡಿ ಕ್ಲಿಪ್ಪು ಬಾಯಲ್ಲೇ ಇಟ್ಟುಕೊಂಡು ನಿಂತರು.

ಇಪ್ಪತ್ತು ನಿಮಿಷದ ಬಳಿಕ ಯಂತ್ರ ಕೂಗಿತು. ಅಗೆದರು. ಸೋಡಾ ಬಾಟಲಿಯ ತುಕ್ಕು ಹಿಡಿದ ಮುಚ್ಚಳ ಸಿಕ್ಕಿತು. ಅದನ್ನು ಆಚೆಗೆಸೆದು, ಗುಂಡಿಯಲ್ಲಿ ಇನ್ನೇನಾದರೂ ಉಳಿದಿದೆಯೇ ನೋಡೋಣವೆಂದು ಹೆಡ್‌ಫೋನು ಕಿತ್ತು, ಯಂತ್ರವನ್ನು ನೆಲಕ್ಕೆ ಒರಗಿಸಿ, ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಕ್ರಮದಂತೆ ಬಲಗೈಯಲ್ಲಿ ಒಂದು ಹಿಡಿ ಮಣ್ಣೆತ್ತಿ ಸುರುಳಿಯ ಮೇಲೆ ಆಡಿಸಿದರು.

ಯಂತ್ರ ಕೀರಲು ದನಿಯಲ್ಲಿ ಕೂಗಿತು.

ಅರ್ಧ ಮಣ್ಣು ಚೆಲ್ಲಿ ಮತ್ತೆ ಆಡಿಸಿದರು. ಕೂಗಿತು. ಉಳಿದದ್ದರಲ್ಲಿ ಅರ್ಧ. ಕೂಗಿತು. ಕೊನೆಗೆ ಅಂಗೈಯಲ್ಲಿ ನಶ್ಯದಷ್ಟು ಮಣ್ಣು ಉಳಿದಾಗಲೂ ಅದು ಮಗು ತಾಯಿಯನ್ನು ಕಂಡಂತೆ ಕೂಗಿತು. ಯಜ್ಞನಾರಾಯಣರು ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಚಿನ್ನ, ಮಣ್ಣಿನ ಪ್ರತಿ ಚಿಟಿಕೆಯಲ್ಲೂ ಸಮನಾಗಿ ಹರಡಿಕೊಂಡಿದೆ!

ಅಷ್ಟರಲ್ಲಿ ವಾರಿಜಾ ಹಿತ್ತಿಲ ಬಾಗಿಲಿಗೆ ಬಂದಿದ್ದರು. "ನೋಡು ವಾರಿಜಾ!" ಎಂದು ಅವರು ಇನ್ನೊಂದು ಹಿಡಿ ಎತ್ತಿ ಆಡಿಸಿ ತೋರಿಸಿದರು. ವಾರಿಜಾ ನೋಡಿದರು. "ಊಟಕ್ಕೆ ಹೊತ್ತಾಯ್ತು" ಎಂದಷ್ಟೇ ಹೇಳಿ ಒಳಗೆ ಹೋದರು. ಮಹತ್ತಾದದ್ದು ಎದುರಾದಾಗ ಮಾತು ಸೋಲುವುದು ಸಹಜವೆಂದು ಯಜ್ಞನಾರಾಯಣರು ಅದನ್ನು ಅರ್ಥಮಾಡಿಕೊಂಡರು.

ಸರೋಜ ಅವರ ಮಾತು ಸೋಲುವ ಜಾತಿಯದಲ್ಲ. "ಐಯೋ ಸಾರ್, ತಂಗಮಾ? ಚಿನ್ನವಾ?" ಎಂದು ಬೇಲಿಯ ಮೇಲಿಂದ ಕೂಗಿದ್ದು ಮನೆಸಾಲಿನ ಕೊನೆಯ ಮನೆಯವರೆಗೂ ತಲುಪಿತು. ಸಂಜೆಯ ಹೊತ್ತಿಗೆ ಪಾಳು ಜಾಗದಲ್ಲಿ ಮೂವತ್ತು ಜನ. ಕೆಲವರ ಕೈಯಲ್ಲಿ ಗುದ್ದಲಿ, ಕೆಲವರ ಕೈಯಲ್ಲಿ ಸೌಟು. ಮಣ್ಣು ಮೈಲೊ ಡಬ್ಬಿಗೆ ಹೋಯಿತು, ಅಕ್ಕಿಯ ಚೀಲಕ್ಕೆ ಹೋಯಿತು, ಊಟ ಕಟ್ಟಿಸಿಕೊಂಡ ತಪಾವ್ ಡಬ್ಬಿಗೂ ಹೋಯಿತು. ಬೀದಿಯ ಮಾಮಕ್ ಅಂಗಡಿಯವರು ದೂರದೃಷ್ಟಿಯಿಂದ ಎರಡು ಮೇಜು, ಎಂಟು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದರು.

ಭಾನುವಾರ ಬೆಳಿಗ್ಗೆ ಪರೀಕ್ಷಾಕಾರ್ಯ ಶುರುವಾಯಿತು. ಜನ ಸಾಲಾಗಿ ಬಂದು ಮಣ್ಣನ್ನು ಪ್ರೊಫೆಸರರ ಬಲ ಅಂಗೈಗೆ, ತೀರ್ಥದ ಸಾಲಿನಲ್ಲಿ ನಿಂತವರಷ್ಟೇ ಶ್ರದ್ಧೆಯಿಂದ, ಸುರಿಯುವುದು, ಅವರು ಸುರುಳಿಯ ಮೇಲೆ ಆಡಿಸುವುದು, ಯಂತ್ರ ಕೂಗುವುದು, ಮಣ್ಣಿನ ಒಡೆಯರು ಆನಂದಬಾಷ್ಪ ಒರೆಸಿಕೊಂಡು ಆಚೆ ಸರಿಯುವುದು. ಅನುತ್ತೀರ್ಣರಾದವರು ಒಬ್ಬರೂ ಇಲ್ಲ. ತಮ್ಮ ಅಧ್ಯಾಪನದಲ್ಲಿ ಎಂದೂ ಕಾಣದ ಫಲಿತಾಂಶವಿದು ಎಂದು ಯಜ್ಞನಾರಾಯಣರ ಎದೆ ತುಂಬಿತು. ಸರೋಜ ತಮ್ಮ ಗುಲಾಬಿ ಕುಂಡದ ಮಣ್ಣು ತಂದರು. ಅದೂ ಚಿನ್ನ.

"ಸಾರ್, ಈ ಮಣ್ಣು ನಾನು ಅಂಗಡಿಯಿಂದ ತಂದದ್ದು" ಎಂದರು ಸರೋಜ, ಸ್ವಲ್ಪ ಗಾಬರಿಯಿಂದ.

"ಅಂಗಡಿಯವರು ಎಲ್ಲಿಂದ ತಂದರು? ನೆಲದಿಂದಲೇ ಅಲ್ಲವೇ?" ಎಂದು ಪ್ರೊಫೆಸರರು ಸಮಾಧಾನಪಡಿಸಿದರು.

ಕೀರ್ತಿರಾಜ್ ತಂದದ್ದು ಮನೆಯ ಮೀನಿನ ತೊಟ್ಟಿಯ ತಳದ ಮರಳು. ಅದೂ ಕೂಗಿದಾಗ ಅವರು ಕುಣಿದಾಡಿಬಿಟ್ಟರು. "ಸರ್, ನಾಲ್ಕು ವರ್ಷದಿಂದ ಮೀನುಗಳು ಕೋಟ್ಯಧಿಪತಿಗಳ ಹಾಗೆ ಮಲಗಿದ್ದಾವೆ ಮಾರಾಯ್ರೆ! ಹೊಳೆಗೆ ಯಾಕೆ ಹೋಗ್ಬೇಕು, ಆ ಅಕ್ವೇರಿಯಂ ಅಂಗಡಿಗೇ ಹೋಗುವ!"

ಯಜ್ಞನಾರಾಯಣರು ನಗಲಿಲ್ಲ. ಮೀನಿನ ತೊಟ್ಟಿಗೆ ಹಾಕುವ ಮರಳು ಉಪ್ಪಿನಷ್ಟು ಬೆಳ್ಳಗಿತ್ತು. ತೊಳೆದು, ಸೋಸಿ, ಪೊಟ್ಟಣ ಕಟ್ಟಿ ಮಾರಿದ್ದು. ಅದರಲ್ಲೂ ಚಿನ್ನ, ಇದರಲ್ಲೂ ಚಿನ್ನ. ಇಡೀ ತರಗತಿ ನೂರಕ್ಕೆ ನೂರು ಪಡೆದರೆ ಮೇಷ್ಟರು ತರಗತಿಯನ್ನು ಹೊಗಳುವುದಿಲ್ಲ, ಪ್ರಶ್ನೆಪತ್ರಿಕೆಯನ್ನು ತಿರುಗಿಸಿ ನೋಡುತ್ತಾರೆ. ಅವರ ಹಣೆಯ ಮೇಲೆ ಮೊದಲ ಬಾರಿಗೆ ಒಂದು ಗೆರೆ ಮೂಡಿತು.

ಆ ಗೆರೆ ಆಳವಾಗುವ ಮೊದಲೇ ನಗರಸಭೆಯ ಅಧಿಕಾರಿ ರೊಸ್ಲಾನ್ ಬಂದರು. ಭಾನುವಾರದ ರಜೆ ಹಾಳಾಗಿದ್ದರೂ ಬಹಳ ಸೌಜನ್ಯದ ಮನುಷ್ಯ. ಗುಂಡಿಗಳನ್ನು ಎಣಿಸಿದರು, ನಲವತ್ತೇಳು.

"ಪ್ರೊಫೆಸರ್, ಈ ನೆಲ ಸರ್ಕಾರದ್ದು. ಚಿನ್ನ ಇದ್ದರೆ ಅದೂ ಸರ್ಕಾರದ್ದು. ಇಲ್ಲದಿದ್ದರೆ ಗುಂಡಿ ಮಾತ್ರ ನಿಮ್ಮದು. ಇದೆಯೋ ಇಲ್ಲವೋ, ಬರೆದು ಸಹಿ ಹಾಕಿ ಕೊಡಿ" ಎಂದು ಒಂದು ನಮೂನೆಯನ್ನೂ ಪೆನ್ನನ್ನೂ ಅವರ ಕೈಗಿತ್ತರು.

"ಬರೆಯೋದಕ್ಕೆ ಮೊದಲು ಆಫೀಸರಿಗೆ ಒಮ್ಮೆ ತೋರಿಸಿ ಸಾರ್!" ಎಂದು ಸರೋಜ ಕೂಗಿದರು. ಗುಂಪು ದನಿಗೂಡಿಸಿತು. ಯಜ್ಞನಾರಾಯಣರ ಬಲಗೈಯಲ್ಲಿ ಪೆನ್ನಿತ್ತು. ಹಾಗಾಗಿ ಎಡಗೈ ಚಾಚಿದರು. ರೊಸ್ಲಾನ್ ತಾವೇ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಆ ಕೈಗೆ ಹಾಕಿದರು.

ಸುರುಳಿಯ ಮೇಲೆ ಆಡಿಸಿದರು. ಯಂತ್ರ ಮೌನವಾಗಿತ್ತು.

"ಬ್ಯಾಟರಿ ಹೋಯ್ತು" ಎಂದರು ಕೀರ್ತಿರಾಜ್. "ಆಫೀಸರ್ ಮುಟ್ಟಿದ ಮಣ್ಣು, ಅದಕ್ಕೇ" ಎಂದರು ಮಾಮಕ್ ಅಂಗಡಿಯವರು.

ಯಜ್ಞನಾರಾಯಣರು ಪೆನ್ನನ್ನು ಹಿಂದಕ್ಕೆ ಕೊಟ್ಟು, ಅದೇ ಮಣ್ಣನ್ನು ಬಲಗೈಗೆ ಸುರಿದುಕೊಂಡರು. ಯಂತ್ರ ಕೂಗಿತು. ಎಡಗೈಗೆ ಸುರಿದರು. ಮೌನ. ಬಲಗೈಗೆ. ಕೂಗು. ಆಮೇಲೆ ಅವರು ಮಣ್ಣನ್ನು ಪೂರ್ತಿ ಚೆಲ್ಲಿ, ಕೈಯನ್ನು ಪಂಚೆಗೆ ಒರೆಸಿ, ಏನೂ ಇಲ್ಲದ ಬಲ ಅಂಗೈಯನ್ನು ಸುರುಳಿಯ ಮೇಲೆ ಹಿಡಿದರು. ಬರಿಗೈ ಕೂಗಿತು. ಆ ಬೆಳಗಿನ ಬಿಸಿಲಿನಲ್ಲಿ, ನಲವತ್ತೇಳು ಗುಂಡಿಗಳ ನಡುವೆ, ಒಬ್ಬ ಮುದುಕನ ಖಾಲಿ ಅಂಗೈ ನಿಂತು ಹಾಡಿತು.

ಅನಾಮಿಕಾ ಬೆರಳಿನಲ್ಲಿ ಪವಿತ್ರದುಂಗುರವಿತ್ತು. ಮದುವೆಯ ದಿನ ಮಾವ ತೊಡಿಸಿದ ಚಿನ್ನದ ಉಂಗುರ. ಯಾವ ಪೂಜೆಗೂ ಯಾವ ತರ್ಪಣಕ್ಕೂ ಬೇಕೆಂದು ತೊಟ್ಟದ್ದು, ಮತ್ತೆ ತೆಗೆದದ್ದೇ ಇಲ್ಲ. ಗಡಿಯಾರ ಲೋಹವೆಂದು ನೆನಪಿತ್ತು, ಉಡುದಾರ ನೆನಪಿತ್ತು, ಹಲ್ಲಿನೊಳಗಿನ ತುಣುಕೂ ನೆನಪಿತ್ತು. ಇದು ಲೋಹವಾಗಿ ಎಂದೋ ಉಳಿದಿರಲಿಲ್ಲ, ಬೆರಳಾಗಿಬಿಟ್ಟಿತ್ತು. ಮೈಯೊಳಗಿನ ಪ್ರತಿಯೊಂದಕ್ಕೂ ಹೆಸರಿಟ್ಟು ಕಲಿಸಿದವರಿಗೆ ಮೈಮೇಲೆ ಬಂದು ನೆಲೆಸಿದ್ದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಗುಂಪಿಗೆ ಇನ್ನೂ ಏನೂ ಹೊಳೆದಿರಲಿಲ್ಲ. ಬ್ಯಾಟರಿಯ ಮೇಲೆ ಹೊರಿಸಿ ಒಳಗೆ ಹೋಗಿಬಿಡಲು ಬೇಕಾದಷ್ಟು ಹೊತ್ತಿತ್ತು. ಎರಡು ದಿನ ಅವರು ಹುಡುಕಿದವರಾಗಿದ್ದರು. ಇನ್ನು ಒಂದು ಮಾತಾಡಿದರೆ ಮತ್ತೆ ಕನ್ನಡಕ ಕಳೆಯುವ ಮನುಷ್ಯ. ಅವರು ಒಮ್ಮೆ ಹಿತ್ತಿಲ ಬಾಗಿಲ ಕಡೆ ನೋಡಿದರು. ವಾರಿಜಾ ಅಲ್ಲಿ ಕೈಕಟ್ಟಿ ನಿಂತಿದ್ದರು.

"ಮಣ್ಣಿನಲ್ಲಿ ಚಿನ್ನ ಇಲ್ಲ" ಎಂದು ಯಜ್ಞನಾರಾಯಣರು ಗಟ್ಟಿಯಾಗಿ ಹೇಳಿ ಕೈ ಎತ್ತಿ ತೋರಿಸಿದರು. "ಚಿನ್ನ ನನ್ನ ಬೆರಳಲ್ಲಿತ್ತು. ಯಂತ್ರ ಸರಿಯಾಗಿಯೇ ಹೇಳಿದೆ. ನಾನು ತಪ್ಪಾಗಿ ಕೇಳಿಸಿಕೊಂಡೆ. ಎಲ್ಲರೂ ಕ್ಷಮಿಸಬೇಕು."

ಸರೋಜ ಪಕ್ಕದವರ ಪಕ್ಕೆಗೆ ತಿವಿದರು. "ಆಫೀಸರ್ ಮುಂದೆ ಸಾರ್ ಹೀಗೇ ಅಲ್ವಾ ಹೇಳ್ಬೇಕು, ಲಾ!"

ಕೀರ್ತಿರಾಜ್ ಕಣ್ಣು ಮಿಟುಕಿಸಿ ಹತ್ತಿರ ಬಂದು ಪಿಸುಗುಟ್ಟಿದರು. "ಭಾರಿ ತಲೆ ಮಾರಾಯ್ರೆ ನಿಮ್ದು! ಉಂಗುರವಂತೆ! ಆದ್ರೆ ಸರ್, ನಮ್ಮ ಹತ್ರವೂ ಅಡಗಿಸೋದು ಸರಿಯಾ?"

"ನಿಜವಾಗಿಯೂ ಕೀರ್ತಿರಾಜ್, ಉಂಗುರವೇ."

"ಆಯ್ತು ಆಯ್ತು, ಉಂಗುರವೇ. ನಾನು ಯಾರ ಹತ್ರವೂ ಹೇಳುದಿಲ್ಲ."

ನಂಬಿದವರು ರೊಸ್ಲಾನ್ ಒಬ್ಬರೇ. ಅವರು ನಮೂನೆಯಲ್ಲಿ 'ಇಲ್ಲ' ಎಂದು ಬರೆಸಿ, ಸಹಿ ಹಾಕಿಸಿ, ಗುಂಡಿಗಳನ್ನು ಮುಚ್ಚುವ ಮಾತು ತೆಗೆದುಕೊಂಡು ಹೋದರು. ಮಕ್ಕಳು ಎಡವಿ ಬೀಳಬಾರದೆಂದು ಮಧ್ಯಾಹ್ನವೇ ಜಾಗದ ಸುತ್ತ ಹಗ್ಗ ಕಟ್ಟಿಸಿ 'ಇಲ್ಲಿ ಅಗೆಯಬಾರದು' ಎಂಬ ಫಲಕ ನೆಡಿಸಿದರು. ಅದುವರೆಗೆ ಅನುಮಾನವಿದ್ದ ನಾಲ್ಕಾರು ಜನರಿಗೂ ಆ ಫಲಕ ನೋಡಿದ ಮೇಲೆ ಯಾವ ಅನುಮಾನವೂ ಉಳಿಯಲಿಲ್ಲ.

ಯಜ್ಞನಾರಾಯಣರು ಸಾಯಂಕಾಲದವರೆಗೂ ಒಬ್ಬರೇ ಗುಂಡಿ ಮುಚ್ಚಿ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತರು. ಉಂಗುರ ತೆಗೆಯಲು ನೋಡಿದರು. ಅದು ಗೆಣ್ಣಿನಲ್ಲಿ ಸಿಕ್ಕಿಕೊಂಡು ಅಲುಗಲಿಲ್ಲ. ವಾರಿಜಾ ತೆಂಗಿನೆಣ್ಣೆಯ ಬಟ್ಟಲು ತಂದು ಎದುರಿಗೆ ಕುಳಿತು ಅವರ ಬೆರಳನ್ನು ನೀವತೊಡಗಿದರು.

"ವಾರಿಜಾ, ಇದು ಉಂಗುರ ಅಂತ ನಿಂಗೆ ಯಾವಾಗ ಗೊತ್ತಾದದ್ದು?"

"ನೀವು ನಂಗೆ ತೋರಿಸಿದ್ರಲ್ಲ, ಆಗಲೇ."

"ನಿನ್ನೆಯಾ?" ಅವರು ಕೈ ಎಳೆದುಕೊಳ್ಳಹೋದರು, ಆಕೆ ಬಿಡಲಿಲ್ಲ. "ನಲವತ್ತೇಳು ಗುಂಡಿ ವಾರಿಜಾ! ಇಡೀ ಬೀದಿ ಮಣ್ಣು ಹೊತ್ತಿತು. ಒಂದು ಮಾತು ಹೇಳಬಾರದಿತ್ತಾ?"

ವಾರಿಜಾ ಇನ್ನೊಂದು ತೊಟ್ಟು ಎಣ್ಣೆ ಬಿಟ್ಟರು. "ಹೇಳಿದ್ರೆ ಅದೂ ನಾನೇ ಹುಡುಕಿದ ಹಾಗೆ ಆಗ್ತಿತ್ತಲ್ಲ."

ಅಷ್ಟರಲ್ಲಿ ಉಂಗುರ ಜಾರಿತು. ಎಣ್ಣೆಯ ಬೆರಳಿಂದ ಚಿಮ್ಮಿ ನೆಲಕ್ಕೆ ಬಿದ್ದು, ಎರಡು ಸುತ್ತು ತಿರುಗಿ, ಫ್ರಿಜ್ಜಿನ ಅಡಿಯ ಕತ್ತಲೆಯೊಳಕ್ಕೆ ಉರುಳಿಹೋಯಿತು. ಬೆರಳಿನ ಬುಡದಲ್ಲಿ ನಲವತ್ತೊಂದು ವರ್ಷ ಬಿಸಿಲು ಕಾಣದ ಒಂದು ಬಿಳಿಯ ಗೆರೆ ಮಾತ್ರ ಉಳಿಯಿತು.

ಇಬ್ಬರೂ ಫ್ರಿಜ್ಜಿನ ಕಡೆ ನೋಡಿದರು. ವಾರಿಜಾ ಸೆರಗಿಗೆ ಕೈ ಒರೆಸಿಕೊಂಡು ಕುಳಿತಲ್ಲೇ ಕುಳಿತರು. ಸ್ವಲ್ಪ ಹೊತ್ತು ಕಾದು ನೋಡಿದ ಯಜ್ಞನಾರಾಯಣರು, ಆಕೆ ಏಳುವುದಿಲ್ಲವೆಂದು ಖಚಿತವಾದ ಮೇಲೆ, ಪಂಚೆ ಎತ್ತಿ ಕಟ್ಟಿ, ಮೆಲ್ಲಗೆ ನೆಲಕ್ಕೆ ಮಂಡಿಯೂರಿದರು.